ವಿಡಿಯೊ ಪೋಕರ್: ಯಾವ ಎಲೆ ಹಿಡಿಯಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಬರುವ ಬೇಸಗೆಗೆ ಅಮೆರಿಕದ ಫೀನಿಕ್ಸ್‌ನಲ್ಲಿರುವ ಅಣ್ಣನ ಮಗನ ಮನೆಗೆ ಹೋಗಲಿಕ್ಕುಂಟು. ಅಲ್ಲಿಂದ ಎರಡು ದಿನ ಲಾಸ್ ವೇಗಸ್ ತೋರಿಸುತ್ತೇನೆ ಎಂದಿದ್ದಾನೆ. ಊರಿನಲ್ಲಿ ಇಪ್ಪತ್ತೆಂಟು ಆಡಿ ನನಗೆ ಇಸ್ಪೀಟು ಎಲೆಗಳ ಅಭ್ಯಾಸ ಚೆನ್ನಾಗಿ ಉಂಟು. ಅಲ್ಲಿರುವ ಯಂತ್ರಗಳ ಪೈಕಿ ವಿಡಿಯೊ ಪೋಕರಿನಲ್ಲಿ ಆಡುವವನ ತಿಳಿವಳಿಕೆಗೂ ಬೆಲೆ ಉಂಟು ಎನ್ನುತ್ತಾರೆ, ಹೌದೇ? ಯಾವ ಯಂತ್ರ ಆರಿಸಬೇಕು, ಯಾವ ಎಲೆ ಇಟ್ಟುಕೊಳ್ಳಬೇಕು? ತುಂಬ ಹೊತ್ತು ಏನೂ ಕೊಡದ ಯಂತ್ರ ಇನ್ನೇನು ಕೊಟ್ಟೇ ಕೊಡುತ್ತದೆ ಎಂಬುದು ಸರಿಯೇ? ಹೊರಡುವ ಮೊದಲು ಇಲ್ಲಿಯೇ ಫೋನಿನಲ್ಲಿ ಹಣ ಕಟ್ಟಿ ಅಭ್ಯಾಸ ಮಾಡಬಹುದೇ?

ಉತ್ತರ: ಹೌದು, ಬೆಲೆ ಉಂಟು. ಸ್ಲಾಟ್ ಯಂತ್ರದ ಚಕ್ರಗಳ ಹಿಂದೆ ಎಂಥ ಲೆಕ್ಕ ಅಡಗಿದೆ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ವಿಡಿಯೊ ಪೋಕರ್ ಹಾಗಲ್ಲ. ಲಾಸ್ ವೇಗಸ್ ಇರುವ ನೆವಾಡ ರಾಜ್ಯದ ನಿಯಮದಂತೆ, ಯಂತ್ರ ಇಸ್ಪೀಟು ಎಲೆ ತೋರಿಸುವುದಾದರೆ ಪ್ರತಿ ಎಲೆ ಬರುವ ಸಂಭವ ನಿಜವಾದ 52 ಎಲೆಗಳ ಕಟ್ಟಿನಲ್ಲಿ ಇರುವಷ್ಟೇ ಇರಬೇಕು. ಯಾವ ಕೈಗೆ ಎಷ್ಟು ಕೊಡುತ್ತದೆ ಎಂಬ ಪಟ್ಟಿಯೂ ಪರದೆಯ ಮೇಲೆಯೇ ಇರುತ್ತದೆ. ಇವೆರಡು ಗೊತ್ತಿದ್ದರೆ ಒಂದು ಪೈಸೆಯೂ ಹಾಕುವ ಮೊದಲೇ ಆ ಯಂತ್ರ ಎಷ್ಟು ಹಿಂತಿರುಗಿಸುತ್ತದೆ ಎಂದು ಲೆಕ್ಕ ಹಾಕಬಹುದು.

ಆಟ ಸರಳ. ಪಣ ಹಾಕಿ 'ಡೀಲ್' ಒತ್ತಿದರೆ ಐದು ಎಲೆ ಬರುತ್ತವೆ. ಬೇಕಾದವುಗಳ ಮೇಲೆ 'ಹೋಲ್ಡ್' ಒತ್ತಿ, ಆಮೇಲೆ 'ಡ್ರಾ' ಒತ್ತಿದರೆ ಉಳಿದವು ಬದಲಾಗುತ್ತವೆ. ಬದಲಿಸಲು ಸಿಗುವುದು ಒಂದೇ ಅವಕಾಶ. ಕೊನೆಗೆ ಕೈಯಲ್ಲಿರುವ ಐದು ಎಲೆಗಳಿಗೆ ಪಟ್ಟಿಯಂತೆ ಹಣ ಸಿಗುತ್ತದೆ. ಎದುರಾಳಿ ಇಲ್ಲ, ಬೊಗಳೆ ಬಿಡುವುದೂ ಇಲ್ಲ. ಮೊದಲ ಐದು ಎಲೆಗಳು 25,98,960 ಬಗೆಯಲ್ಲಿ ಬರಬಹುದು. ಅವುಗಳಲ್ಲಿ ಯಾವುದನ್ನು ಇಟ್ಟು ಯಾವುದನ್ನು ಬಿಡಬೇಕು ಎಂಬುದಕ್ಕೆ ಪ್ರತಿ ಸಲ 32 ದಾರಿಗಳಿವೆ. ಆ 32ರಲ್ಲಿ ಒಳ್ಳೆಯದನ್ನು ಆರಿಸುವುದೇ ಈ ಆಟದ ಜಾಣತನ.

ಇಪ್ಪತ್ತೆಂಟು ಆಡಿದವರು ಮೊದಲು ಕೆಲವು ಅಭ್ಯಾಸಗಳನ್ನು ಬದಿಗಿಡಬೇಕು. ಇಪ್ಪತ್ತೆಂಟರಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು, ರಾಜ ರಾಣಿಯರಿಗೆ ಸೊನ್ನೆ. ಇಲ್ಲಿ ಒಂಬತ್ತು, ಹತ್ತರ ಜೋಡಿಗೆ ಏನೂ ಇಲ್ಲ. ಗುಲಾಮ, ರಾಣಿ, ರಾಜ, ಎಕ್ಕ ಈ ನಾಲ್ಕೂ ಸರಿಸಮ. ಗುಲಾಮನ ಜೋಡಿಗೂ ಎಕ್ಕದ ಜೋಡಿಗೂ ಒಂದೇ ಹಣ. ಮುಂದೆ 'ದೊಡ್ಡ ಎಲೆ' ಎಂದರೆ ಈ ನಾಲ್ಕೇ ಎಂದು ತಿಳಿಯಿರಿ. ತುರುಪು ಇಲ್ಲ. ಇಸ್ಪೀಟು, ಆಟೀನು, ಕಳಾವರ, ಡೈಮಂಡುಗಳಲ್ಲಿ ಹೆಚ್ಚು ಕಡಿಮೆ ಎಂಬುದೂ ಇಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಟ್ಟಿನ ಗಾತ್ರ. ಇಪ್ಪತ್ತೆಂಟಕ್ಕೆ ಎರಡರಿಂದ ಆರರವರೆಗಿನ ಎಲೆ ತೆಗೆದು 32ರಲ್ಲಿ ಆಡುತ್ತೇವೆ, ಅಂದರೆ ಪ್ರತಿ ಎಂಟು ಎಲೆಗೆ ಒಂದು ಗುಲಾಮ. ಪೂರ್ತಿ ಕಟ್ಟಿನಲ್ಲಿ ಹದಿಮೂರಕ್ಕೆ ಒಂದು. ವರ್ಷಗಟ್ಟಲೆ ಆಡಿ ಕೈಗೆ ಹತ್ತಿದ 'ಈಗ ಗುಲಾಮ ಬರಬಹುದು' ಎಂಬ ಅಂದಾಜು ಇಲ್ಲಿ ಯಾವಾಗಲೂ ಹೆಚ್ಚಾಗಿಯೇ ಇರುತ್ತದೆ. ಇಳಿದ ಎಲೆಗಳನ್ನು ನೆನಪಿಡುವ ವಿದ್ಯೆಗೂ ಕೆಲಸವಿಲ್ಲ, ಪ್ರತಿ ಆಟಕ್ಕೂ ಹೊಸದಾಗಿ ಕಲಸಿದ ಕಟ್ಟು.

ಇನ್ನು ಯಂತ್ರದ ಆಯ್ಕೆ. ವಿಡಿಯೊ ಪೋಕರಿನಲ್ಲಿ ಹತ್ತಾರು ಬಗೆಗಳಿವೆ. ನೀವು 'ಜಾಕ್ಸ್ ಆರ್ ಬೆಟರ್' ಎಂಬುದನ್ನೇ ಹುಡುಕಿ. ಗುಲಾಮ ಅಥವಾ ಅದಕ್ಕಿಂತ ಮೇಲಿನ ಜೋಡಿ ಇದ್ದರೆ ಹಣ ಎಂಬುದು ಅದರ ನಿಯಮ. ಕಲಿಯಲು ಇದೇ ಸುಲಭ, ಏರಿಳಿತವೂ ಇತರ ಬಗೆಗಳಿಗಿಂತ ಕಡಿಮೆ. ಹೆಸರು ಸಿಕ್ಕ ಕೂಡಲೇ ಕುಳಿತುಬಿಡಬೇಡಿ. ಧಾರಣೆ ಕೇಳದೆ ಅಡಿಕೆ ಚೀಲ ಇಳಿಸುವವರುಂಟೇ? ಹಾಗೆಯೇ ಹಣದ ಪಟ್ಟಿ ಓದದೆ ನೋಟು ತೂರಿಸಬಾರದು.

ಒಳ್ಳೆಯ ಪಟ್ಟಿ ಒಂದು ನಾಣ್ಯದ ಲೆಕ್ಕದಲ್ಲಿ ಹೀಗಿರುತ್ತದೆ: ದೊಡ್ಡ ಜೋಡಿಗೆ 1, ಎರಡು ಜೋಡಿಗೆ 2, ಒಂದೇ ಬಗೆಯ ಮೂರಕ್ಕೆ (ಮೂರು ರಾಣಿ ಸೇರಿದ ಹಾಗೆ) 3, ಸ್ಟ್ರೈಟ್ ಅಂದರೆ ಸಾಲಾಗಿ ಐದಕ್ಕೆ 4, ಫ್ಲಶ್ ಅಂದರೆ ಒಂದೇ ಜಾತಿಯ ಐದಕ್ಕೆ 6, ಮೂರೂ ಎರಡೂ ಸೇರಿದ ಫುಲ್ ಹೌಸಿಗೆ 9, ಒಂದೇ ಬಗೆಯ ನಾಲ್ಕಕ್ಕೆ 25, ಒಂದೇ ಜಾತಿಯಲ್ಲಿ ಸಾಲಾದ ಸ್ಟ್ರೈಟ್ ಫ್ಲಶ್‌ಗೆ 50. ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಸೇರಿದರೆ ರಾಯಲ್ ಫ್ಲಶ್. ಇಲ್ಲಿ ಒಂದನ್ನು ಗಮನಿಸಿ. ದೊಡ್ಡ ಜೋಡಿಗೆ ಒಂದು ಎಂದರೆ ಲಾಭವಲ್ಲ, ಹಾಕಿದ ಪಣ ವಾಪಸು ಬಂತು ಅಷ್ಟೆ.

ಕ್ಯಾಸಿನೊಗಳು ಕೈಯಾಡಿಸುವುದು ಫುಲ್ ಹೌಸ್ ಮತ್ತು ಫ್ಲಶ್ ಈ ಎರಡು ಸಾಲುಗಳಲ್ಲಿ. ಹಾಗಾಗಿ ಬಲ್ಲವರು ಯಂತ್ರವನ್ನು ಆ ಎರಡು ಅಂಕಿಗಳಿಂದಲೇ ಕರೆಯುತ್ತಾರೆ. 9/6 ಯಂತ್ರ ಸರಿಯಾಗಿ ಆಡಿದರೆ ಶೇ. 99.54 ಹಿಂತಿರುಗಿಸುತ್ತದೆ. 9/5 ಆದರೆ 98.45, 8/5 ಆದರೆ 97.30, 7/5 ಆದರೆ 96.15, 6/5 ಆದರೆ 95.00. ಒಂದೊಂದು ಅಂಕಿ ಇಳಿದಾಗಲೂ ಸುಮಾರು ಶೇ. 1.1 ಹೋಗುತ್ತದೆ. ಫುಲ್ ಹೌಸ್ 87 ಆಟಕ್ಕೊಮ್ಮೆ, ಫ್ಲಶ್ 91 ಆಟಕ್ಕೊಮ್ಮೆ ಬೀಳುತ್ತದೆ. ಅಷ್ಟು ಸಲ ಒಂದೊಂದು ಪಣ ಕಡಿಮೆ ಸಿಕ್ಕಿದರೆ ಆಗುವ ನಷ್ಟ ಅದು.

ಪರದೆಯಲ್ಲಿ ಐದು ಕಂಬಸಾಲುಗಳಿರುತ್ತವೆ, ಒಂದು ನಾಣ್ಯದಿಂದ ಐದು ನಾಣ್ಯದವರೆಗೆ. ಐದನೆಯ ಸಾಲಿನಲ್ಲಿ ಫುಲ್ ಹೌಸಿಗೆ 45, ಫ್ಲಶ್‌ಗೆ 30 ಎಂದಿದ್ದರೆ 9/6. 40 ಮತ್ತು 25 ಇದ್ದರೆ 8/5. ಎದ್ದು ಮುಂದೆ ಹೋಗಿ. ಒಂದೇ ಯಂತ್ರದಲ್ಲಿ ಹಲವು ಆಟ, ಹಲವು ನಾಣ್ಯಬೆಲೆ ಇರುತ್ತವೆ. 25 ಸೆಂಟ್ ಒತ್ತಿದಾಗ ಕಂಡ ಪಟ್ಟಿ 5 ಸೆಂಟ್ ಒತ್ತಿದಾಗ ಬದಲಾಗಿರಬಹುದು. ಆಟವನ್ನೂ ನಾಣ್ಯವನ್ನೂ ಆರಿಸಿದ ಮೇಲೆ ಪಟ್ಟಿಯನ್ನು ಮತ್ತೊಮ್ಮೆ ಓದಿ. ಪ್ರವಾಸಿಗರು ಮುತ್ತಿಕೊಳ್ಳುವ ಸ್ಟ್ರಿಪ್ ರಸ್ತೆಯ ದೊಡ್ಡ ಹೋಟೆಲುಗಳಲ್ಲಿ ಸಣ್ಣ ಪಣದ 9/6 ಈಗ ಅಪರೂಪ. ಊರಿನವರೇ ಹೆಚ್ಚಾಗಿ ಹೋಗುವ, ಸ್ಟ್ರಿಪ್‌ನಿಂದ ದೂರದ ಕ್ಯಾಸಿನೊಗಳಲ್ಲಿ ಹುಡುಕಿದರೆ ಸಿಗುತ್ತದೆ. ವಿಮಾನ ನಿಲ್ದಾಣದಲ್ಲಿ ಕಾಣುವ ಯಂತ್ರಗಳ ಮೋಹಕ್ಕೆ ಬೀಳಬೇಡಿ.

ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು, ದುಡ್ಡಿನಲ್ಲಿ ನೋಡಿ. 25 ಸೆಂಟಿನ ಐದು ನಾಣ್ಯ ಎಂದರೆ ಒಂದು ಆಟಕ್ಕೆ 1.25 ಡಾಲರ್. ಕೈ ಪಳಗಿದವರು ಗಂಟೆಗೆ 600 ಆಟ ಆಡುತ್ತಾರೆ, ಅಲ್ಲಿಗೆ 750 ಡಾಲರ್ ಪಣ. 9/6ರಲ್ಲಿ ಸರಾಸರಿ ನಷ್ಟ ಗಂಟೆಗೆ ಸುಮಾರು ಮೂರೂವರೆ ಡಾಲರ್. 8/5ರಲ್ಲಿ 20 ಡಾಲರ್. 6/5ರಲ್ಲಿ ಮೂವತ್ತೇಳೂವರೆ. ಕುರ್ಚಿ ಅದೇ, ಪರದೆ ಅದೇ, ಎಲೆಗಳೂ ಅವೇ.

ಐದೂ ನಾಣ್ಯ ಯಾಕೆ ಹಾಕಬೇಕು ಎಂಬುದಕ್ಕೆ ರಾಯಲ್ ಫ್ಲಶ್ ಸಾಲನ್ನು ಅಡ್ಡಕ್ಕೆ ಓದಿ: 250, 500, 750, 1000, ಆಮೇಲೆ ಒಮ್ಮೆಲೇ 4000. ಉಳಿದೆಲ್ಲ ಸಾಲುಗಳಲ್ಲಿ ಐದು ನಾಣ್ಯಕ್ಕೆ ಐದು ಪಟ್ಟು ಮಾತ್ರ, ಇಲ್ಲಿ ಹದಿನಾರು ಪಟ್ಟು. ಒಂದೇ ನಾಣ್ಯ ಹಾಕಿ ಆಡಿದರೆ 9/6 ಯಂತ್ರವೂ ಸುಮಾರು ಶೇ. 98.4ಕ್ಕೆ ಇಳಿಯುತ್ತದೆ. ಪಣ ಹೆಚ್ಚಾಯಿತು ಅನ್ನಿಸಿದರೆ ಕಡಿಮೆ ಬೆಲೆಯ ನಾಣ್ಯಕ್ಕೆ ಇಳಿದು ಅಲ್ಲಿ ಐದು ಹಾಕಿ. ಆದರೆ ಪಟ್ಟಿಯನ್ನು ಹೋಲಿಸಿಯೇ ಇಳಿಯಬೇಕು. 5 ಸೆಂಟಿನ ಯಂತ್ರ 8/5 ಆಗಿದ್ದು 25 ಸೆಂಟಿನದು 9/6 ಆಗಿದ್ದರೆ, ದೊಡ್ಡದರಲ್ಲಿ ಒಂದೇ ನಾಣ್ಯ ಹಾಕುವುದು ಸಣ್ಣದರಲ್ಲಿ ಐದು ಹಾಕುವುದಕ್ಕಿಂತ ಒಳ್ಳೆಯದು. ಎರಡಕ್ಕೂ ಪಣ 25 ಸೆಂಟ್, ಒಂದರಲ್ಲಿ 98.4, ಇನ್ನೊಂದರಲ್ಲಿ 97.3.

ಈಗ ಎಲೆ ಹಿಡಿಯುವ ಕ್ರಮ. ಕೆಳಗಿನ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಐದು ಎಲೆ ಬಂದಾಗ ಮೇಲಿನಿಂದ ಓದುತ್ತ ಬನ್ನಿ. ನಿಮ್ಮ ಕೈಗೆ ಹೊಂದುವ ಮೊದಲ ಸಾಲು ಯಾವುದೋ ಅದನ್ನೇ ಹಿಡಿಯಿರಿ, ಉಳಿದದ್ದನ್ನು ಬಿಡಿ.

1. ರಾಯಲ್ ಫ್ಲಶ್, ಸ್ಟ್ರೈಟ್ ಫ್ಲಶ್, ಒಂದೇ ಬಗೆಯ ನಾಲ್ಕು
2. ರಾಯಲ್ ಫ್ಲಶ್‌ಗೆ ಒಂದೇ ಎಲೆ ಕಡಿಮೆ
3. ಫುಲ್ ಹೌಸ್, ಫ್ಲಶ್, ಸ್ಟ್ರೈಟ್, ಒಂದೇ ಬಗೆಯ ಮೂರು
4. ಸ್ಟ್ರೈಟ್ ಫ್ಲಶ್‌ಗೆ ಒಂದೇ ಎಲೆ ಕಡಿಮೆ
5. ಎರಡು ಜೋಡಿ
6. ದೊಡ್ಡ ಜೋಡಿ
7. ರಾಯಲ್ ಫ್ಲಶ್‌ನ ಮೂರು ಎಲೆ
8. ಫ್ಲಶ್‌ಗೆ ಒಂದೇ ಎಲೆ ಕಡಿಮೆ
9. ಸಣ್ಣ ಜೋಡಿ, ಎರಡರಿಂದ ಹತ್ತರವರೆಗೆ
10. ಎರಡೂ ತುದಿ ತೆರೆದಿರುವ ಸ್ಟ್ರೈಟ್‌ನ ನಾಲ್ಕು ಎಲೆ
11. ಒಂದೇ ಜಾತಿಯ ಎರಡು ದೊಡ್ಡ ಎಲೆ
12. ಸ್ಟ್ರೈಟ್ ಫ್ಲಶ್‌ನ ಮೂರು ಎಲೆ
13. ಬೇರೆ ಬೇರೆ ಜಾತಿಯ ಎರಡು ದೊಡ್ಡ ಎಲೆ. ಮೂರಿದ್ದರೆ ಅವುಗಳಲ್ಲಿ ಕೆಳಗಿನ ಎರಡು
14. ಒಂದೇ ಜಾತಿಯ ಹತ್ತು ಮತ್ತು ಗುಲಾಮ, ಇಲ್ಲವೇ ಹತ್ತು ಮತ್ತು ರಾಣಿ, ಇಲ್ಲವೇ ಹತ್ತು ಮತ್ತು ರಾಜ
15. ಒಂದೇ ಒಂದು ದೊಡ್ಡ ಎಲೆ
16. ಯಾವುದೂ ಇಲ್ಲದಿದ್ದರೆ ಐದನ್ನೂ ಬಿಡಿ

ಇದು ಸರಳಗೊಳಿಸಿದ ಕ್ರಮ. ಅಪವಾದಗಳನ್ನೆಲ್ಲ ಸೇರಿಸಿದ ಪೂರ್ಣ ಕ್ರಮ ಇದಕ್ಕಿಂತ ಬಹಳ ಉದ್ದ. ಸರಳ ಕ್ರಮದಿಂದ ಶೇ. 99.46 ಸಿಗುತ್ತದೆ, ಪೂರ್ಣ ಕ್ರಮದಿಂದ 99.54. ಗಂಟೆಗೆ 750 ಡಾಲರ್ ಪಣದ ಮೇಲೆ ಈ ವ್ಯತ್ಯಾಸ 60 ಸೆಂಟ್. ಎರಡು ದಿನದ ಪ್ರವಾಸಿಗೆ ಸರಳ ಕ್ರಮವೇ ಧಾರಾಳ ಸಾಕು. ಉದ್ದದ ಪಟ್ಟಿಯನ್ನು ಅರ್ಧ ನೆನಪಿಟ್ಟು ತಪ್ಪುವುದಕ್ಕಿಂತ ಇದನ್ನು ತಪ್ಪದೆ ಆಡುವುದು ಲಾಭ.

ಸಾಲುಗಳ ಹಿಂದಿನ ಲೆಕ್ಕ ಒಮ್ಮೆ ಅರ್ಥವಾದರೆ ಕ್ರಮ ತಾನಾಗಿ ಮನಸ್ಸಿನಲ್ಲಿ ಕೂರುತ್ತದೆ. ಐದು ಎಲೆ ನಿಮ್ಮ ಕಣ್ಣ ಮುಂದಿವೆ, ಕಟ್ಟಿನಲ್ಲಿ ಉಳಿದದ್ದು 47. ಒಂದೇ ಎಲೆ ಬದಲಿಸುವಾಗ ಆ 47ರಲ್ಲಿ ಯಾವುದು ಬಂದರೆ ಎಷ್ಟು ಎಂದು ಕೂಡಿಸಿ 47ರಿಂದ ಭಾಗಿಸಿದರೆ ಆ ಕೈಯ ಬೆಲೆ ಸಿಗುತ್ತದೆ.

ಒಂದು ಕೈ ನೋಡಿ: ಆಟೀನಿನ ಎಕ್ಕ, ರಾಜ, ರಾಣಿ, ಗುಲಾಮ, ಜತೆಗೆ ಆಟೀನಿನ ಐದು. ಫ್ಲಶ್ ಆಗಿಯೇ ಬಂದಿದೆ, ಆರು ಪಣ ಕೈಯಲ್ಲಿದೆ. ಹೊಸಬರು ಬಿಡಲು ಹೆದರುತ್ತಾರೆ. ಆದರೆ ಐದನ್ನು ಬಿಟ್ಟರೆ? ಆಟೀನಿನ ಹತ್ತು ಬಂದರೆ 800 (ಐದು ನಾಣ್ಯಕ್ಕೆ 4000, ಅಂದರೆ ಒಂದಕ್ಕೆ 800). ಉಳಿದ ಏಳು ಆಟೀನುಗಳಲ್ಲಿ ಯಾವುದು ಬಂದರೂ ಮತ್ತೆ ಫ್ಲಶ್, ಏಳಾರು 42. ಬೇರೆ ಜಾತಿಯ ಮೂರು ಹತ್ತುಗಳಿಗೆ ಸ್ಟ್ರೈಟ್, 12. ಎಕ್ಕ, ರಾಜ, ರಾಣಿ, ಗುಲಾಮ ಇನ್ನೂ ಮೂರು ಮೂರು ಇವೆ, ಯಾವುದು ಬಂದರೂ ದೊಡ್ಡ ಜೋಡಿ, 12. ಒಟ್ಟು 866. 47ರಿಂದ ಭಾಗಿಸಿದರೆ 18.43. ಆರಕ್ಕೆ ಎದುರಾಗಿ ಹದಿನೆಂಟೂಚಿಲ್ಲರೆ. ಬಹುಪಾಲು ಸಲ ಹತ್ತು ಬರುವುದಿಲ್ಲ, ಫ್ಲಶ್ ಕೈತಪ್ಪಿತು ಎಂದು ಹೊಟ್ಟೆ ಉರಿಯುತ್ತದೆ. ಆದರೂ ಬಿಡುವುದೇ ಸರಿ. ಅದೇ ಒಂಬತ್ತರಿಂದ ರಾಜನವರೆಗೆ ಸ್ಟ್ರೈಟ್ ಫ್ಲಶ್ ಆಗಿ ಬಂದಿದ್ದರೆ ಮುಟ್ಟಬೇಡಿ, 50 ಕೈಯಲ್ಲಿದೆ.

ಇಪ್ಪತ್ತೆಂಟಿನವರು ಹೆಚ್ಚು ಎಡವುವ ಕೈ ಇನ್ನೊಂದು: ಗುಲಾಮನ ಜೋಡಿ, ಎಕ್ಕ, ಒಂಬತ್ತು, ನಾಲ್ಕು. ಎಕ್ಕ ದೊಡ್ಡದಲ್ಲವೇ, ಇರಲಿ ಎಂದು ಜೋಡಿಯ ಜತೆ ಹಿಡಿಯುತ್ತಾರೆ. ಜೋಡಿಯನ್ನು ಮಾತ್ರ ಹಿಡಿದು ಮೂರು ಎಲೆ ತೆಗೆದರೆ ಬೆಲೆ 1.54. ಎಕ್ಕವನ್ನೂ ಹಿಡಿದು ಎರಡು ತೆಗೆದರೆ 1.42. ಮೂರನೆಯ ಗುಲಾಮ ಬಂದು 'ಮೂರು' ಆಗುವ ಸಂಭವ ಮೊದಲನೆಯದರಲ್ಲಿ ಶೇ. 11.4, ಎರಡನೆಯದರಲ್ಲಿ 7.8. ನಾಲ್ಕೂ ಗುಲಾಮ ಸೇರುವುದು ಮೊದಲನೆಯದರಲ್ಲಿ 360ಕ್ಕೊಮ್ಮೆ, ಎರಡನೆಯದರಲ್ಲಿ 1,081ಕ್ಕೊಮ್ಮೆ. ಎಕ್ಕ ಹಿಡಿದರೆ ಎರಡು ಜೋಡಿ ಸ್ವಲ್ಪ ಹೆಚ್ಚು ಸಲ ಬೀಳುತ್ತದೆ ನಿಜ, ಆದರೆ ಅದಕ್ಕಿರುವುದು ಎರಡೇ ಪಣ. ಪೋಕರ್ ಮೇಜಿನಲ್ಲಿ ಎದುರಾಳಿಯ ಜೋಡಿಗಿಂತ ನಮ್ಮದು ಮೇಲಾಗಲಿ ಎಂದು ಎಕ್ಕ ಇಟ್ಟುಕೊಳ್ಳುವುದುಂಟು. ಇಲ್ಲಿ ಎದುರಾಳಿಯೇ ಇಲ್ಲ.

ಸಣ್ಣ ಜೋಡಿಯ ಸುತ್ತ ಗೊಂದಲ ಇನ್ನೂ ಹೆಚ್ಚು. ಎಂಟರ ಜೋಡಿಗೆ ಹಣವಿಲ್ಲ ಎಂದು ಅದನ್ನು ಒಡೆದು, ಒಂದು ರಾಜನನ್ನು ಹಿಡಿದು ಕೂರುವವರಿದ್ದಾರೆ. ಸಣ್ಣ ಜೋಡಿಯ ಬೆಲೆ 0.82, ಒಂಟಿ ದೊಡ್ಡ ಎಲೆಗೆ ಅರ್ಧ ಪಣಕ್ಕಿಂತಲೂ ಕಡಿಮೆ. ಐದು, ಆರು, ಏಳು, ಎಂಟು, ಎಂಟು ಬಂದರೆ? ಸ್ಟ್ರೈಟ್ ಆಗಲು ನಾಲ್ಕೋ ಒಂಬತ್ತೋ ಬರಬೇಕು, ಒಟ್ಟು ಎಂಟು ಎಲೆ. ಎಂಟು ನಾಲ್ಕಲಿ 32, ಭಾಗಿಸು 47, ಅಂದರೆ 0.68. ಜೋಡಿಯೇ ಮೇಲು. ಒಂದೇ ಒಂದು ಅಪವಾದ ನೆನಪಿಡಿ: ರಾಜ, ರಾಣಿ, ಗುಲಾಮ, ಹತ್ತು, ಹತ್ತು. ಇಲ್ಲಿ ಸ್ಟ್ರೈಟ್‌ನ 32ಕ್ಕೆ ಮೂರು ದೊಡ್ಡ ಎಲೆಗಳಿಂದ ಇನ್ನೊಂದು 9 ಸೇರಿ 41 ಆಗುತ್ತದೆ, ಬೆಲೆ 0.87. ಹತ್ತರ ಜೋಡಿ ಒಡೆಯಿರಿ.

ಫ್ಲಶ್ ಎದುರಾದರೆ ತೀರ್ಪು ತಿರುಗುತ್ತದೆ. ಕಳಾವರದ ಮೂರು, ಆರು, ಒಂಬತ್ತು, ರಾಣಿ, ಜತೆಗೆ ಆಟೀನಿನ ಆರು. ಒಂಬತ್ತು ಕಳಾವರಗಳು ಉಳಿದಿವೆ, ಒಂಬತ್ತಾರು 54. ಮೂರು ರಾಣಿಗಳಿಗೆ 3. ಒಟ್ಟು 57, ಬೆಲೆ 1.21. ಆರರ ಜೋಡಿ ಬಿಡಿ. ಅದೇ ಐದನೆಯ ಎಲೆ ಆಟೀನಿನ ರಾಣಿಯಾಗಿದ್ದರೆ ರಾಣಿಯ ಜೋಡಿಗೆ 1.54; ಆಗ ಫ್ಲಶ್‌ನ ಆಸೆ ಬಿಡಬೇಕು.

ನಡುವೆ ಒಂದು ಎಲೆ ತಪ್ಪಿದ ಸ್ಟ್ರೈಟ್ ಬಗ್ಗೆ ಕಟ್ಟುನಿಟ್ಟಾಗಿರಿ. ನಾಲ್ಕು, ಐದು, ಏಳು, ಎಂಟು ಇದ್ದು ಆರಕ್ಕೆ ಕಾಯುವುದೆಂದರೆ ನಾಲ್ಕೇ ಎಲೆಗಳ ನಿರೀಕ್ಷೆ: 16 ಭಾಗಿಸು 47, ಅಂದರೆ 0.34. ಐದನ್ನೂ ಬಿಟ್ಟು ಹೊಸ ಐದು ತೆಗೆದರೆ 0.36. ಖಾಲಿ ಕೈಗಿಂತಲೂ ಕೆಳಗೆ! ಎಕ್ಕ, ಎರಡು, ಮೂರು, ನಾಲ್ಕು ಕೂಡ ಇದೇ ಗುಂಪಿಗೆ ಸೇರಿದ್ದು, ತೆರೆದಿರುವುದು ಒಂದೇ ತುದಿ. ಅಲ್ಲಿ ಎಕ್ಕವನ್ನು ಮಾತ್ರ ಹಿಡಿಯಿರಿ. ಎಕ್ಕ, ರಾಜ, ಗುಲಾಮ ಬೇರೆ ಬೇರೆ ಜಾತಿಯಲ್ಲಿ ಬಂದರೆ ಎಕ್ಕವನ್ನೇ ಬಿಡಬೇಕಾಗುವುದೂ ಇದೇ ಕಾರಣಕ್ಕೆ: ಎಕ್ಕ ತುದಿಯಲ್ಲಿರುವುದರಿಂದ ಸ್ಟ್ರೈಟ್‌ನ ದಾರಿ ಕಡಿಮೆ, ಮೂರು ಹಿಡಿದರೆ ಬದಲಿಸುವ ಎಲೆಯೂ ಕಡಿಮೆ. ಆದರೆ ಆ ಮೂರರಲ್ಲಿ ಎಕ್ಕ ಮತ್ತು ಗುಲಾಮ ಒಂದೇ ಜಾತಿಯಾಗಿದ್ದರೆ ಹನ್ನೊಂದನೆಯ ಸಾಲು ಮೊದಲು ಬರುತ್ತದೆ, ಆ ಎರಡನ್ನು ಹಿಡಿದು ರಾಜನನ್ನು ಬಿಡಿ.

ಈ ಕ್ರಮ ಜಾಕ್ಸ್ ಆರ್ ಬೆಟರ್‌ಗೆ ಮಾತ್ರ. 'ಡ್ಯೂಸಸ್ ವೈಲ್ಡ್' ಎಂಬುದರಲ್ಲಿ ಎರಡುಗಳೆಲ್ಲ ಜೋಕರ್. ಜೋಡಿಗೆ, ಎರಡು ಜೋಡಿಗೆ ಹಣವೇ ಇಲ್ಲ. 'ಡಬಲ್ ಡಬಲ್ ಬೋನಸ್' ಎಂಬುದರಲ್ಲಿ ನಾಲ್ಕು ಎಕ್ಕಗಳಿಗೆ ದೊಡ್ಡ ಮೊತ್ತ ತೋರಿಸುತ್ತಾರೆ, ಆ ಹಣವನ್ನು ಎರಡು ಜೋಡಿಯನ್ನು 2ರಿಂದ 1ಕ್ಕೆ ಇಳಿಸಿ ಹೊಂದಿಸಿರುತ್ತಾರೆ. ಕಲಿಯದೆ ಅವುಗಳ ಹತ್ತಿರ ಹೋಗಬೇಡಿ.

ಕೈ ತಪ್ಪುಗಳ ಬಗ್ಗೆಯೂ ಹೇಳಬೇಕು, ಎಷ್ಟೋ ಹಣ ಅಲ್ಲೇ ಸೋರುತ್ತದೆ. ಬಂದ ಐದೂ ಎಲೆ ಚೆನ್ನಾಗಿದ್ದರೆ ಐದಕ್ಕೂ ಹೋಲ್ಡ್ ಒತ್ತಬೇಕು. ಕೆಲವು ಯಂತ್ರಗಳು ತಾವಾಗಿ ಹಿಡಿದುಕೊಳ್ಳುತ್ತವೆ, ಕೆಲವು ಇಲ್ಲ. ಒತ್ತದೆ ಡ್ರಾ ಕೊಟ್ಟರೆ ಫುಲ್ ಹೌಸೂ ಹಾರಿಹೋಗುತ್ತದೆ. ಯಂತ್ರ ತಾನಾಗಿ ಹಿಡಿದದ್ದೆಲ್ಲ ಸರಿ ಎಂದೂ ಅಲ್ಲ. ಮೇಲೆ ಹೇಳಿದ ಆಟೀನಿನ ಫ್ಲಶ್‌ನಂಥ ಕೈಯಲ್ಲಿ ಅದನ್ನು ಬಿಡಿಸಿ ನಿಮ್ಮ ಲೆಕ್ಕದಂತೆ ಹಿಡಿಯಬೇಕು. ಬಟನ್ ಸವೆದ ಯಂತ್ರಗಳಲ್ಲಿ ಒತ್ತಿದರೂ ದಾಖಲಾಗದಿರುವುದುಂಟು. ಡ್ರಾ ಒತ್ತುವ ಮುನ್ನ ಪ್ರತಿ ಎಲೆಯ ಬಳಿ 'ಹೋಲ್ಡ್' ಎಂದು ಕಾಣುತ್ತಿದೆಯೇ ನೋಡುವ ರೂಢಿ ಇರಲಿ. 'ಬೆಟ್ ಮ್ಯಾಕ್ಸ್' ಒತ್ತಿದರೆ ಐದು ನಾಣ್ಯ ಹೋಗುವುದಷ್ಟೇ ಅಲ್ಲ, ಎಲೆಯೂ ಕೂಡಲೇ ಬೀಳುತ್ತದೆ. ನಾಣ್ಯಬೆಲೆ ನೋಡದೆ ಒತ್ತಿ, 25 ಸೆಂಟ್ ಎಂದುಕೊಂಡದ್ದು ಒಂದು ಡಾಲರ್ ಆಗಿದ್ದರೆ ಐದು ಡಾಲರ್ ಹೋಯಿತು. ವೇಗದ ಆಸೆ ಬೇಡ. ನಷ್ಟದ ಯಂತ್ರದಲ್ಲಿ ನಿಧಾನವಾಗಿ ಆಡಿದಷ್ಟೂ ಹಣ ಹೆಚ್ಚು ಹೊತ್ತು ಬರುತ್ತದೆ.

ತುಂಬ ಹೊತ್ತು ಕೊಡದ ಯಂತ್ರ ಇನ್ನೇನು ಕೊಡುತ್ತದೆ ಎಂಬುದು ಸುಳ್ಳು. ಪ್ರತಿ ಆಟದ ಎಲೆಗಳೂ ಹಿಂದಿನದಕ್ಕೆ ಸಂಬಂಧವಿಲ್ಲದೆ ಬರುತ್ತವೆ. ರಾಯಲ್ ಫ್ಲಶ್ ಸರಾಸರಿ 40,391 ಆಟಕ್ಕೊಮ್ಮೆ. ಗಂಟೆಗೆ 600ರಂತೆ 67 ಗಂಟೆ. ಅಷ್ಟು ಆಡಿದರೂ ಒಮ್ಮೆಯೂ ಬೀಳದಿರುವ ಸಂಭವ ಶೇ. 37. ಈ ರಾಯಲ್ ಒಂದರ ಪಾಲೇ ಒಟ್ಟು ಹಿಂತಿರುಗಿಕೆಯಲ್ಲಿ ಸುಮಾರು ಶೇ. 2. ಅಂದರೆ ಅದು ಬೀಳದ ಹೊತ್ತಿನಲ್ಲಿ ನೀವು ಆಡುತ್ತಿರುವುದು ಶೇ. 97.6ರ ಆಟ, ಗಂಟೆಗೆ 18 ಡಾಲರ್ ನಷ್ಟದ್ದು. ಎರಡು ದಿನ ಆಡುವವರು ಈ ಅಂಕಿಯನ್ನೇ ನಂಬಿಕೊಂಡು ಹೊರಡಬೇಕು. ಅದರ ಮೇಲೆ ಏರಿಳಿತ ಬೇರೆ. ನೂರಕ್ಕೆ ಐವತ್ತನಾಲ್ಕು ಆಟ ಬರಿಗೈ. ಒಂದು ಗಂಟೆಯಲ್ಲಿ ಸರಾಸರಿಯಿಂದ ಸುಮಾರು 60 ಡಾಲರ್ ಆಚೆಈಚೆ ಹೋಗುವುದು ತೀರ ಸಾಮಾನ್ಯ. ಮೂರು ಗಂಟೆ ಆಡುವ ಮನಸ್ಸಿದ್ದರೆ 300 ಡಾಲರ್ ಬದಿಗಿಡಬೇಕು. ರೂಪಾಯಿಯಲ್ಲಿ ಅದು ಇಪ್ಪತ್ತೈದು ಸಾವಿರ ದಾಟುತ್ತದೆ. ಇದನ್ನು ತಿಯೇಟರಿನ ಟಿಕೆಟಿನಂತೆ ಖರ್ಚು ಎಂದೇ ಬರೆಯಿರಿ, ವಾಪಸು ಬರುವ ಹಣದ ಲೆಕ್ಕಕ್ಕೆ ಸೇರಿಸಬೇಡಿ. ಅಷ್ಟು ಮುಗಿದ ಮೇಲೆ ಅಣ್ಣನ ಮಗನ ಕಾರ್ಡಿನಿಂದ ತೆಗೆದು ಆಡುವುದು ಖಂಡಿತ ಬೇಡ. ಅಷ್ಟು ಹಣ ಹೋದರೆ ಮನೆಯಲ್ಲಿ ತೊಂದರೆ ಆಗುತ್ತದೆ ಎಂದಾದರೆ ಯಂತ್ರದ ಮುಂದೆ ಕೂರಬೇಡಿ. ಇದನ್ನು ನಾನು ಮುಲಾಜಿಲ್ಲದೆ ಹೇಳುತ್ತೇನೆ, ಏಕೆಂದರೆ ಎಷ್ಟು ಚೆನ್ನಾಗಿ ಆಡಿದರೂ ಈ ಯಂತ್ರದಲ್ಲಿ ಸರಾಸರಿ ಕ್ಯಾಸಿನೊ ಪರವೇ.

ಡಾಲರ್ ನಾಣ್ಯದ ಯಂತ್ರಕ್ಕೆ ಹೋಗದಿರಲು ಇನ್ನೊಂದು ಕಾರಣವುಂಟು. ಅಲ್ಲಿ ರಾಯಲ್ ಬಿದ್ದರೆ 4,000 ಡಾಲರ್. ಯಂತ್ರ ಅಲ್ಲೇ ನಿಲ್ಲುತ್ತದೆ, ಸಿಬ್ಬಂದಿ ಬಂದು ಗುರುತಿನ ದಾಖಲೆ ಕೇಳುತ್ತಾರೆ. ಅಮೆರಿಕದ ನಿವಾಸಿಯಲ್ಲದವರ ಇಂಥ ಗೆಲುವಿಗೆ ಶೇ. 30 ತೆರಿಗೆ ಕಡಿತ ಇದೆ. ಭಾರತದವರಿಗೆ ಒಪ್ಪಂದದ ವಿನಾಯಿತಿಯಿಲ್ಲ. ಕೈಗೆ ಬರುವುದು 2,800. ಲೆಕ್ಕಕ್ಕೆ ತಂದರೆ 9/6 ಯಂತ್ರ ಶೇ. 98.95ಕ್ಕೆ ಇಳಿದಂತಾಯಿತು. ನೀವು ಎಲ್ಲಿಯೇ ಆಡಿದರೂ ಪಾಸ್‌ಪೋರ್ಟ್ ಜತೆಯಲ್ಲಿರಲಿ. 21 ತುಂಬದ ಮಕ್ಕಳು ಜತೆಗಿದ್ದರೆ ಅವರನ್ನು ಯಂತ್ರದ ಹತ್ತಿರ ನಿಲ್ಲಿಸಿಕೊಳ್ಳುವಂತಿಲ್ಲ.

ಫೋನಿನಲ್ಲಿ ಹಣ ಕಟ್ಟಿ ಅಭ್ಯಾಸ ಮಾಡುವುದು ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟವಿರಲಿ ಅದೃಷ್ಟದ್ದಿರಲಿ, ಹಣ ಕಟ್ಟಿ ಆಡಿಸುವುದನ್ನೇ ನಿಷೇಧಿಸುತ್ತದೆ. ಕದ್ದುಮುಚ್ಚಿ ನಡೆಯುವ ಆ್ಯಪ್‌ಗಳಲ್ಲಿ 52 ಎಲೆಗಳ ನಿಯಮ ಪಾಲಿಸುತ್ತಾರೆಂದು ನೋಡುವವರೂ ಯಾರಿಲ್ಲ. ಹಾಗಾಗಿ ಇಲ್ಲಿ ಬರೆದ ಒಂದು ಅಂಕಿಯೂ ಅಲ್ಲಿಗೆ ಅನ್ವಯಿಸುವುದಿಲ್ಲ.

ಮನೆಯಲ್ಲಿರುವ ಕಟ್ಟೇ ಸಾಕು. ಇಪ್ಪತ್ತೆಂಟಕ್ಕೆಂದು ತೆಗೆದಿಟ್ಟ ಎರಡರಿಂದ ಆರರವರೆಗಿನ ಎಲೆಗಳನ್ನು ವಾಪಸು ಸೇರಿಸಿ, ಜೋಕರ್ ತೆಗೆದು, ಚೆನ್ನಾಗಿ ಕಲಸಿ. ಐದು ಎಲೆ ಬಿಚ್ಚಿ, ಯಾವುದು ಹಿಡಿಯುತ್ತೀರಿ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಚೀಟಿ ನೋಡಿ. ಬದಲಿ ಎಲೆ ತೆಗೆಯುವ ಅಗತ್ಯವಿಲ್ಲ, ಕಲಿಯಬೇಕಾದದ್ದು ಹಿಡಿಯುವುದನ್ನು ಮಾತ್ರ. ತಪ್ಪಿದ ಕೈಗಳನ್ನು ಬರೆದಿಡಿ. ಏಳರಿಂದ ಹದಿಮೂರರವರೆಗಿನ ಸಾಲುಗಳಲ್ಲೇ ಹೆಚ್ಚಿನ ತಪ್ಪು ಬರುತ್ತದೆ, ಆ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಕಾಗದದ ಚೀಟಿಯನ್ನು ಯಂತ್ರದ ಮುಂದೆ ಇಟ್ಟುಕೊಂಡು ನೋಡಿ ಆಡುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. ಆದರೆ ಫೋನಿನಲ್ಲಿ ಲೆಕ್ಕ ಹೇಳಿಕೊಡುವ ಆ್ಯಪ್ ತೆರೆದಿಟ್ಟು ಆಡುವುದು ನೆವಾಡದ ಕಾನೂನಿನಂತೆ ಅಪರಾಧ. ಆಡುವಾಗ ಫೋನ್ ಜೇಬಿನಲ್ಲಿರಲಿ.